ಚೀಲದ ಬಾಯಿ ಹಿಡಿಯುವವರು

‘ರೀ, ನೆಟ್ಟಗೆ ಹಿಡ್ಕೊಳ್ಳಿ’ ಅನ್ನುವುದಕ್ಕಿಂತ ಅನ್ಯಾಯದ ಮಾತು ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ನಾನು ನೆಟ್ಟಗೇ ಹಿಡಿದಿರುತ್ತೇನೆ. ವಾರೆಯಾಗಿ ಬರುವುದು ಸೌಟು. ಪುಳಿಯೋಗರೆ ಗೊಜ್ಜು ಚೀಲದ ಅಂಚಿಗೆ ಬಡಿಯುತ್ತದೆ. ಎಣ್ಣೆ ನನ್ನ ಹೆಬ್ಬೆರಳಿನಿಂದ ಇಳಿದು ಮೊಣಕೈವರೆಗೂ ಹೋಗುತ್ತದೆ. ಆದರೆ ಬೈಸಿಕೊಳ್ಳುವುದು ಮಾತ್ರ ಚೀಲ ಹಿಡಿದವನು.

ಗಾಳಿ ಎಳೆದು ಸೀಲ್ ಮಾಡುವ ಈ ಮೆಷಿನ್ನನ್ನು ಅಮೆರಿಕದಲ್ಲಿರುವ ಮಗಳು ತಂದುಕೊಟ್ಟು ಹೋದಳು. ಮೈಸೂರಿನ ನಮ್ಮ ಸರಸ್ವತಿಪುರಂ ಸುತ್ತಮುತ್ತ ಯಾರು ಅಮೆರಿಕಕ್ಕೆ ಹೊರಟರೂ ಅವಳಿಗೆ ಅಲ್ಲಿಂದಲೇ ಗೊತ್ತಾಗಿಬಿಡುತ್ತದೆ. ಅವರ 23 ಕೆಜಿ ಸೂಟ್‌ಕೇಸಿನಲ್ಲಿ ಜಾಗ ಕೇಳುವುದು ಅವಳ ಕೆಲಸ. ಹುರಿದು ಪುಡಿ ಮಾಡಿ ಗೊಜ್ಜು ಕುದಿಸುವುದು ಅವಳ ಅಮ್ಮನ ಕೆಲಸ. ಗಾಳಿ ಎಳೆಯುವುದು ಮೆಷಿನ್ನಿನ ಕೆಲಸ. ಉಳಿದದ್ದು ಬಾಯಿ ಹಿಡಿಯುವುದು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದವನಿಗೆ ಈ ಕೆಲಸ ಸಿಕ್ಕಿದೆ.

ಮೆಷಿನ್ನಿಗೆ ವಿಪರೀತ ಮಡಿ. ಚೀಲದ ಬಾಯಿಯಿಂದ ನಾಲ್ಕು ಬೆರಳಷ್ಟು ಒಳಗಿನವರೆಗೆ ಎಣ್ಣೆ, ಪುಡಿ, ನೀರಿನ ಪಸೆ ಏನೂ ಇರಬಾರದು. ಒಂದು ಸಾಸಿವೆ ಕಾಳು ಅಡ್ಡ ಬಂದರೂ ಸೀಲ್ ಕೂರುವುದಿಲ್ಲ. ಆ ಹೊತ್ತಿಗೆ ಕೂತ ಹಾಗೇ ಕಾಣುತ್ತದೆ, ಮೋಸ ಗೊತ್ತಾಗುವುದು ಬೆಳಗ್ಗೆ ಚೀಲ ಸಡಿಲವಾಗಿ ಬಿದ್ದುಕೊಂಡಿದ್ದಾಗ. ಪುಡಿಗಳದು ಇನ್ನೊಂದು ತಂಟೆ. ಗಾಳಿ ಹೊರಟರೆ ಸಾರಿನಪುಡಿಯೂ ಅದರ ಜತೆಗೇ ಹೊರಟುಬಿಡುತ್ತದೆ, ಮೆಷಿನ್ನಿನ ಹೊಟ್ಟೆಯೊಳಕ್ಕೆ. ಅದನ್ನು ತಡೆಯಲು ಪುಡಿಯ ಮೇಲೆ ಒಂದು ಟಿಶ್ಯೂ ಮಡಚಿ ಇಡಬೇಕು. ನೀರಿನ ಪದಾರ್ಥವಾದರೆ ಮೊದಲು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಂಡು ಆ ಗಡ್ಡೆಯನ್ನೇ ಚೀಲಕ್ಕೆ ಇಳಿಸಬೇಕು. ಇನ್ನು ಹುಳಿಪುಡಿ ಸುರಿಯುವ ಹೊತ್ತಿಗೇ ಸರಿಯಾಗಿ ಮೂಗು ಕೆರೆಯುತ್ತದಲ್ಲ, ಅದಕ್ಕೆ ಯಾವ ಪುಸ್ತಿಕೆಯಲ್ಲೂ ಪರಿಹಾರ ಬರೆದಿಲ್ಲ. ಎರಡು ಕೈಯೂ ಚೀಲಕ್ಕೆ ಮೀಸಲು. ಸೀನಿದರೆ ಮನೆಯೇ ಎರಡು ಹೋಳು.

ಈ ರಾದ್ಧಾಂತವನ್ನು ಮಗಳು ವಿಡಿಯೋ ಕಾಲಿನಲ್ಲಿ ನೋಡಿದಳು. ಸಂಜೆಗೆ ಅಳಿಯಂದಿರಿಂದ ಒಂದು ವಿಡಿಯೋ ಬಂತು. ‘ಮಾವ, ಇದನ್ನ ನೋಡಿ, ಒಳ್ಳೇ ಟ್ರಿಕ್ಕು.’ ಒಬ್ಬ ಹೆಂಗಸು ಚೀಲದ ಬಾಯಿಯನ್ನು ಹೊರಗಡೆಗೆ ಅಗಲವಾಗಿ ಮಡಚುತ್ತಾಳೆ. ಚೀಲವನ್ನು ಉದ್ದನೆಯ ಪಾತ್ರೆಯೊಳಗೆ ನಿಲ್ಲಿಸಿ, ಮಡಿಕೆಯನ್ನು ಪಾತ್ರೆಯ ಅಂಚಿಗೆ ಹೊದಿಸುತ್ತಾಳೆ. ತುಂಬಿಸಿ, ಹೊರಗೆ ತೆಗೆದು, ಮಡಿಕೆ ಬಿಚ್ಚುತ್ತಾಳೆ. ಬಾಯಿ ಚೊಕ್ಕಟ. ಹಿಂದೆ ಸಂಗೀತ ಬೇರೆ. ಲಕ್ಷಾಂತರ ಜನ ನೋಡಿ ಬೆರಗಾಗಿದ್ದಾರಂತೆ.

ಇದಕ್ಕೆ ಟ್ರಿಕ್ಕು ಅನ್ನುತ್ತಾರಲ್ಲ, ನನ್ನ ಸಿಟ್ಟು ಅದು. ಮದ್ದೂರಿನ ಕಡೆಯ ನಮ್ಮೂರಿನಲ್ಲಿ ನಮ್ಮ ಚಿಕ್ಕಪ್ಪ ಇಡೀ ಜೀವಮಾನ ಮಾಡಿದ್ದು ಇದನ್ನೇ, ಸಂಗೀತವಿಲ್ಲದೆ.

ಚಿಕ್ಕಪ್ಪ ಬೇಸಾಯದಲ್ಲಿ ಅಷ್ಟಕ್ಕಷ್ಟೆ. ಗುದ್ದಲಿ ಕಂಡರೆ ಅವರಿಗೆ ಸೊಂಟ ಹಿಡಿಯುತ್ತಿತ್ತು. ಎತ್ತುಗಳು ಅವರ ಮಾತು ಕೇಳುತ್ತಿರಲಿಲ್ಲ, ಚಿಕ್ಕಮ್ಮನೂ ಕೇಳುತ್ತಿರಲಿಲ್ಲ. ಆದರೆ ಸುಗ್ಗಿ ಬಂದು ಕಣದಲ್ಲಿ ಭತ್ತದ ರಾಶಿ ಎದ್ದಿತು ಅಂದರೆ ಚಿಕ್ಕಪ್ಪನೇ ಬೇಕು. ತೂರಿ ಮುಗಿಸಿ, ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನು ಇಟ್ಟು, ಪೂಜೆ ಮಾಡಿ ಅಳೆಯಲು ಕೂತರೆ ಆಮೇಲೆ ಯಾರೂ ಪಿಟಿಕ್ಕೆನ್ನುವ ಹಾಗಿಲ್ಲ. ಅಳೆಯುವವರು ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಚಿಕ್ಕಪ್ಪ ಗೋಣಿಚೀಲದ ಬಾಯಿಯನ್ನು ಒಂದು ಗೇಣು ಹೊರಕ್ಕೆ ಮಡಚಿ, ಎರಡೂ ಕೈಯಲ್ಲಿ ಅಗಲಿಸಿ, ತಳದ ಮೂಲೆಯನ್ನು ಕಾಲಿನ ಹೆಬ್ಬೆರಳಿನಿಂದ ಅದುಮಿ ನಿಲ್ಲುತ್ತಿದ್ದರು. ಕೊಳಗ ಬಗ್ಗಿದಾಗ ಚೀಲವನ್ನೇ ಒಂದಿಷ್ಟು ಮುಂದೆ ತಂದು ಅಂಗೈಯಲ್ಲಿ ಈಸಿಕೊಂಡ ಹಾಗೆ ಈಸಿಕೊಳ್ಳುತ್ತಿದ್ದರು. ಅರ್ಧ ತುಂಬಿದಾಗ ಎತ್ತಿ ಎರಡು ಸಲ ನೆಲಕ್ಕೆ ಕುಕ್ಕುವುದು. ಮುಕ್ಕಾಲಿಗೆ ಮತ್ತೆ ಕುಕ್ಕುವುದು. ಕೊನೆಗೆ ಮಡಿಕೆ ಬಿಚ್ಚಿದರೆ, ದಬ್ಬಳ ಹುರಿ ಹಿಡಿದು ಹೊಲಿಯುವವನಿಗೆ ಒಂದು ಗೇಣು ಖಾಲಿ ಬಟ್ಟೆ ಸಿಗುತ್ತಿತ್ತು. ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ.

ಒಂದು ವರ್ಷ ಪಕ್ಕದ ಕಣದ ಯಜಮಾನರ ಹೊಸ ಅಳಿಯ ಬೆಂಗಳೂರಿನಿಂದ ಬಂದಿದ್ದ. ಪ್ಯಾಂಟು, ಬೂಟು. ಕಣಕ್ಕೆ ಬೂಟು ಹಾಕಿಕೊಂಡು ಬರಬಾರದು ಅಂತ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಹೊಸ ಅಳಿಯ ನೋಡಿ. ‘ನಾನು ಹಿಡಿತೀನಿ ಬಿಡಿ, ಇದೇನು ಮಹಾ’ ಅಂತ ಚೀಲಕ್ಕೆ ಕೈ ಹಾಕಿದ. ಚಿಕ್ಕಪ್ಪ ಏನೂ ಹೇಳದೆ ಹೋಗಿ ಬದುವಿನ ಮೇಲೆ ಕೂತು ಬೀಡಿ ಹಚ್ಚಿದರು. ಅಳಿಯ ಚೀಲದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡ, ಮಡಚಲಿಲ್ಲ. ‘ಲಾಭ’ ಅಂತ ಮೊದಲ ಕೊಳಗ ಬಿತ್ತು. ಭಾರಕ್ಕೆ ಒಂದು ಕಡೆ ಜಾರಿತು. ಲಾಭದಲ್ಲಿ ಅರ್ಧ ಬೂಟಿನೊಳಗೆ ಹೋಯಿತು.

ಮಾತಾಡುವ ಹಾಗಿಲ್ಲ. ನಗುವ ಹಾಗೂ ಇಲ್ಲ. ಯಜಮಾನರು ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ಆಕಾಶ ನೋಡಿದರು. ಯಜಮಾನರು ಒಂದು ಮೊರ ಭತ್ತ ತೆಗೆದು ಪಕ್ಕಕ್ಕೆ ಇಟ್ಟರು. ಚಿಕ್ಕಪ್ಪ ಬೀಡಿ ಎಳೆದರು. ಯಜಮಾನರು ಇನ್ನೊಂದು ಮೊರ ಇಟ್ಟರು. ಚಿಕ್ಕಪ್ಪ ಬೀಡಿ ಹೊಸಕಿ ಎದ್ದು ಬಂದು, ಅಳಿಯನ ಕೈಯಿಂದ ಚೀಲ ಈಸಿಕೊಂಡು, ಬಾಯಿ ಹೊರಕ್ಕೆ ಮಡಚಿದರು. ‘ಓ, ಹಿಂಗಾ’ ಅಂದ ಅಳಿಯ. ಮನೆಗೆ ಬರುವಾಗ ನಾನು ಚಿಕ್ಕಪ್ಪನನ್ನು ಕೇಳಿದೆ, ಮೊದಲೇ ಹೇಳಿಕೊಡಬಹುದಿತ್ತಲ್ಲ ಅಂತ. ‘ಚೀಲದ ಬಾಯಿ ಹಿಡಿಯೋನು ತನ್ನ ಬಾಯಿ ಮುಚ್ಕೊಂಡಿರ್ಬೇಕು ಕಣ್ಲಾ’ ಅಂದರು.

ಆ ಎರಡು ಮೊರ ಬಿಟ್ಟರೆ ಅವರಿಗೆ ಸಿಕ್ಕ ಮರ್ಯಾದೆ ಅಷ್ಟರಲ್ಲೇ ಇದೆ. ಹಿಂದೆ ಸುಗ್ಗಿಯಲ್ಲಿ ಊರಿನ ಕೆಲಸದವರಿಗೆಲ್ಲ ಕಣದಲ್ಲೇ ಆಯ, ಅಂದರೆ ಬೆಳೆಯಲ್ಲಿ ಪಾಲು, ಕೊಡುತ್ತಿದ್ದರು. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರುಗಂಟಿ ಅಂತ ಹನ್ನೆರಡು ಆಯಗಾರರ ಲೆಕ್ಕ. ಪಂಚಾಂಗ ಹೇಳುವವರಿಗೂ ಅದರಲ್ಲಿ ಪಾಲಿತ್ತು. ಚೀಲ ಹಿಡಿಯುವವನಿಗಿರಲಿಲ್ಲ.

ಮೈಸೂರಿನಲ್ಲೂ ಇದೇ ಕಥೆ. ಆಹಾರ ಕೆಡದ ಹಾಗೆ ಇಡುವುದು ಹೇಗೆ ಅಂತ ಇಷ್ಟು ಜನ ಸಂಬಳ ತಗೊಂಡು ಯೋಚನೆ ಮಾಡುವ ಊರು ನಮ್ಮ ದೇಶದಲ್ಲಿ ಇನ್ನೊಂದಿರಲಾರದು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತು. 1961ರಲ್ಲಿ ಸೈನಿಕರ ಊಟಕ್ಕಾಗಿ ಡಿಎಫ್‌ಆರ್‌ಎಲ್ ಅನ್ನುವ ರಕ್ಷಣಾ ಇಲಾಖೆಯ ಪ್ರಯೋಗಾಲಯ ಬಂತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜತೆ ಹೋದ ನಮ್ಮ ದೇಶದ ಊಟ ತಯಾರಾಗಿದ್ದು ಈ ಡಿಎಫ್‌ಆರ್‌ಎಲ್‌ನಲ್ಲೇ. ಸರಿ, ಹೆಮ್ಮೆಯೇ. ಅಲ್ಲೂ ಯಾರೋ ಒಬ್ಬರು ಪ್ಯಾಕೆಟ್ಟಿನ ಬಾಯಿ ಹಿಡಿದು ನಿಂತಿರಬೇಕು, ಅಲ್ವಾ? ಅವರ ಫೋಟೋ ನೋಡಿದವರು ಯಾರಾದರೂ ಇದ್ದೀರಾ?

ಇಷ್ಟೆಲ್ಲ ಸಂಸ್ಥೆಗಳಿರುವ ಊರಲ್ಲಿ ಎದುರುಮನೆಯವರು ನನಗೆ ಹೇಳುತ್ತಾರೆ: ‘ಗಾಳಿ ತೆಗೆದ್ರೆ ಆಯ್ತು ಸಾರ್, ಏನಿಟ್ರೂ ಕೆಡಲ್ಲ. ಉಪ್ಸಾರಿನ ಖಾರಾನೂ ಕಳಿಸಿಬಿಡಿ.’ ಹಸಿ ಬೆಳ್ಳುಳ್ಳಿ ಹಾಕಿ ರುಬ್ಬಿದ ಒದ್ದೆ ಖಾರ ಅದು! ಗಾಳಿ ಇಲ್ಲದ ಕಡೆಯೇ ಸೊಂಪಾಗಿ ಬೆಳೆದು ವಿಷ ಬಿಡುವ ಬ್ಯಾಕ್ಟೀರಿಯಾ ಇದೆ, ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಅಂಥ ಪದಾರ್ಥವನ್ನು ಗಾಳಿ ತೆಗೆದ ಮೇಲೂ ಫ್ರಿಜ್ಜಿನಲ್ಲೋ ಫ್ರೀಜರಿನಲ್ಲೋ ಇಡಲೇಬೇಕು, ಸೂಟ್‌ಕೇಸಿನಲ್ಲಿ ಅಲ್ಲ. ಇದನ್ನು ಎಷ್ಟು ಹೇಳಿದರೂ ಅವರು ‘ಏನಾಗಲ್ಲ ಬಿಡಿ ಸಾರ್’ ಅನ್ನುತ್ತಾರೆ. ಏನಾಗಲ್ಲ ಅನ್ನುವವರು ಯಾವತ್ತೂ ಚೀಲ ಹಿಡಿದಿರುವುದಿಲ್ಲ, ಗಮನಿಸಿ ನೋಡಿ. ಬಾಗಿಲಿಗೆ ಒರಗಿಕೊಂಡಿರುತ್ತಾರೆ.

ಗೊಜ್ಜು ತಲುಪಿದ ಮೇಲೆ ಮಗಳು ಫೋನ್ ಮಾಡಿದಳು. ಅಮ್ಮನ ಕೈರುಚಿಯನ್ನು ಹದಿನೈದು ನಿಮಿಷ ಹೊಗಳಿದಳು. ಪ್ಯಾಕಿಂಗ್ ಬಗ್ಗೆ ಹೇಳಿದ್ದು ಒಂದೇ ಮಾತು, ‘ಕತ್ತರಿಸೋಕೇ ಸಾಕಾಗ್ಹೋಯ್ತು ಅಪ್ಪ’ ಅಂತ. ಆಮೇಲೆ ನಮ್ಮ ಕಷ್ಟ ನೋಡಲಾರದೆ ಆನ್‌ಲೈನಿನಲ್ಲಿ ಒಂದು ಸ್ಟ್ಯಾಂಡ್ ಬುಕ್ ಮಾಡಿದಳು. ಪ್ಲಾಸ್ಟಿಕ್ಕಿನ ತಳ, ಎರಡು ಕಡ್ಡಿ, ತುದಿಗೆ ಕ್ಲಿಪ್ಪು. ಚೀಲದ ಬಾಯಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿದರೆ ತಾನೇ ಅಗಲಿಸಿ ಹಿಡಿದುಕೊಳ್ಳುತ್ತದೆ.

ನಮ್ಮವಳಿಗೆ ಅದರ ಮೇಲೆ ಜಾಸ್ತಿ ಪ್ರೀತಿ. ಅದು ಸೀನುವುದಿಲ್ಲ, ಎದುರು ಮಾತಾಡುವುದಿಲ್ಲ, ಚಿಕ್ಕಪ್ಪನ ಕಥೆ ಹೇಳುವುದಿಲ್ಲ ಅಂತ ನನ್ನೆದುರಿಗೇ ಹೊಗಳುತ್ತಾಳೆ. ಹೊಗಳಲಿ. ಆದರೆ ಅದರ ತಳ ಹಗುರ. ಒಂದು ಸೌಟು ಗೊಜ್ಜು ಬಿತ್ತು ಅಂದರೆ ಚೀಲದ ಸಮೇತ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಈಗ ಸ್ಟ್ಯಾಂಡು ಚೀಲ ಹಿಡಿದುಕೊಳ್ಳುತ್ತದೆ, ನಾನು ಸ್ಟ್ಯಾಂಡ್ ಹಿಡಿದುಕೊಳ್ಳುತ್ತೇನೆ.