ಜೆಸಿಬಿ ಯಾರದ್ದು?

ಕಳೆದ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನ ನಮ್ಮ ಬೀದಿಯಲ್ಲಿ ನೀರಿನ ಪೈಪು ಬದಲಿಸುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೆ. ಫುಟ್‌ಪಾತಿನ ಪಕ್ಕ ಅಗೆಯುವ ಸಣ್ಣ ಯಂತ್ರವೊಂದು ಮಣ್ಣು ಎತ್ತುತ್ತಿತ್ತು. ಇಲ್ಲಿನವರು ಅದಕ್ಕೆ ಮಿನಿ ಡಿಗ್ಗರ್ ಅನ್ನುತ್ತಾರೆ. ಅದು ತಿರುಗುವಾಗ ಹಿಂಭಾಗ ಪ್ಲಾಸ್ಟಿಕ್ ಬೇಲಿಗೆ ತಗುಲಿತು. ಬೇಲಿ ಬಂದು ನನ್ನ ಎಡಗೈ ಮೇಲೆ ಬಿತ್ತು. ಮಣಿಕಟ್ಟು ಊದಿಕೊಂಡಿತು, ಅಷ್ಟೇ. ಮೂಳೆಗೆ ಏನೂ ಆಗಿರಲಿಲ್ಲ.

ಯಂತ್ರ ಅಲ್ಲೇ ನಿಂತಿತು. ಓಡಿಸುತ್ತಿದ್ದ ಹುಡುಗ ಕೀಲಿ ತೆಗೆದು ಕೆಳಗಿಳಿದ. ಕಿತ್ತಳೆ ಬಣ್ಣದ ಕೋಟು ಹಾಕಿದ್ದ ಮೇಲ್ವಿಚಾರಕ ಬಂದ, ನನ್ನನ್ನು ವ್ಯಾನಿನಲ್ಲಿ ಕೂರಿಸಿದ, ಪುಸ್ತಕದಲ್ಲಿ ಏನೋ ಬರೆದುಕೊಂಡ. ಆಮೇಲೆ ಒಂದು ಹಾಳೆ ಹರಿದು ಕೈಗೆ ಕೊಟ್ಟ. ಅದರಲ್ಲಿ ಮೂರು ಹೆಸರು, ಮೂರು ಫೋನ್ ನಂಬರ್. ಕೆಲಸದ ಗುತ್ತಿಗೆದಾರರದ್ದು, ಯಂತ್ರ ಬಾಡಿಗೆಗೆ ಕೊಟ್ಟವರದ್ದು, ವಿಮೆಯವರದ್ದು. ಎಲ್ಲ ಸೇರಿ ಹತ್ತು ನಿಮಿಷ. ನಾನು ಕೇಳಿರಲೇ ಇಲ್ಲ.

ಬಸ್ಸಿನಲ್ಲಿ ಕೂತು ಆ ಹಾಳೆ ನೋಡುತ್ತಿದ್ದರೆ ಕಣ್ಣಲ್ಲಿ ನೀರು ಬಂತು. ಸಾಗರದ ಕಡೆ ನಮ್ಮೂರಲ್ಲಿ ಚಿಕ್ಕಪ್ಪನ ಕಾಲು ಮುರಿದಾಗ, ಇಂಥ ಒಂದೇ ಒಂದು ಹೆಸರು ಹುಡುಕಲು ನಮಗೆ ನಾಲ್ಕು ತಿಂಗಳು ಹಿಡಿದಿತ್ತು.

ಅದು 2023ರ ಮಾತು. ಮಳೆ ಬಿಟ್ಟಿತ್ತು, ರಸ್ತೆ ಪಕ್ಕ ಪೈಪಿಗೆ ಕಾಲುವೆ ತೋಡುತ್ತಿದ್ದರು. ಚಿಕ್ಕಪ್ಪ ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ವಾಪಸ್ ಬರುತ್ತಿದ್ದರು. ಜೆಸಿಬಿ ಹಿಂದಕ್ಕೆ ಬಂತು. ಹಿಂದೆ ನಿಂತು ಕೈ ತೋರಿಸುವವರು ಯಾರೂ ಇರಲಿಲ್ಲ. ಬೇಲಿ ಇಲ್ಲ, ಒಂದು ಕೆಂಪು ಬಟ್ಟೆ ಕೂಡ ಇಲ್ಲ. ಹಿಂದಿನ ಬಕೆಟ್ ತಗುಲಿ ಬೈಕು ಸಮೇತ ಬಿದ್ದರು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಾಡ್ ಹಾಕಿಸಬೇಕಾಯ್ತು.

ಮಾರನೇ ದಿನ ಅಣ್ಣ ಹೋಗಿ ನೋಡಿದರೆ ಜೆಸಿಬಿ ಅಲ್ಲಿರಲಿಲ್ಲ. ಬೇರೆ ಯಂತ್ರ ಬಂದು ಕೆಲಸ ಮಾಡುತ್ತಿತ್ತು. ಕೇಳಿದರೆ, ನಿನ್ನೆ ಇದ್ದ ಗಾಡಿ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಕೆಲಸ ಒಬ್ಬರದ್ದು. ನಮ್ಮೂರಿನ ಭಾಗ ತುಂಡುಗುತ್ತಿಗೆಗೆ ಹಿಡಿದವರು ಇನ್ನೊಬ್ಬರು. ಜೆಸಿಬಿ ಬೇರೆ ಯಾರದ್ದೋ, ಗಂಟೆ ಲೆಕ್ಕದ ಬಾಡಿಗೆ. ಅದನ್ನು ಗೊತ್ತುಮಾಡಿ ಕೊಟ್ಟವನು ಮತ್ತೊಬ್ಬ. ಪೊಲೀಸರಿಗೆ ದೂರು ಕೊಟ್ಟೆವು, ಗಾಡಿ ನಂಬರ್ ಕೇಳಿದರು. ನಮ್ಮ ಹತ್ತಿರ ಇರಲಿಲ್ಲ.

ಕೊನೆಗೆ ನಂಬರ್ ಸಿಕ್ಕಿದ್ದು ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿ. ಯಾವ ಕಂಪನಿಯದ್ದಾದರೂ ನಮ್ಮೂರಲ್ಲಿ ಅದು ಜೆಸಿಬಿಯೇ. ಅದು ಬಂದರೆ ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಾರೆ, ಅಲ್ವಾ? ಅವನೂ ಹಾಗೇ ವಿಡಿಯೋ ಮಾಡಿದ್ದ. ನಂಬರ್ ಪ್ಲೇಟಿನ ತುಂಬ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ಅಣ್ಣ ಅದನ್ನೇ ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ ನೋಡಿ, ಮೊದಲಿನ ಎರಡು ಅಂಕಿ ಮೂರೋ ಎಂಟೋ ಅಂತ ತಿಂಗಳುಗಟ್ಟಲೆ ಹುಡುಕಿದ.

ಮಾಲೀಕರು ಸಿಕ್ಕಾಗ ಅವರು ಹೇಳಿದ್ದು ಇಷ್ಟು: "ನಾನು ಬಾಡಿಗೆಗೆ ಕೊಟ್ಟಿದ್ದು ಸ್ವಾಮಿ. ಅಲ್ಲಿ ಕೆಲಸ ಮಾಡಿಸಿದವರನ್ನ ಕೇಳಿ." ಗುತ್ತಿಗೆಯವರನ್ನು ಕೇಳಿದರೆ, "ಡ್ರೈವರ್ ನಮ್ಮವನಲ್ಲ, ಗಾಡಿ ಜೊತೆ ಬಂದವನು." ನಡುವೆ ಊರಿನ ಹಿರಿಯರೊಬ್ಬರು ಮನೆಗೆ ಬಂದು, ಏನೋ ಸ್ವಲ್ಪ ಕೊಡಿಸುತ್ತೇನೆ, ಸುಮ್ನೆ ಕೋರ್ಟು ಕಚೇರಿ ಯಾಕೆ, ರಾಜಿ ಮಾಡಿಕೊಳ್ಳಿ ಅಂದರು. ಚಿಕ್ಕಮ್ಮ ಅವರಿಗೆ ಕಾಫಿ ಕೊಟ್ಟು, ಆಗೋದಿಲ್ಲ ಅಂತ ಹೇಳಿ ಕಳಿಸಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಗಾಡಿ ಯಾರದ್ದು, ಡ್ರೈವರ್ ಯಾರ ಕೈಕೆಳಗಿದ್ದ, ಬಾಡಿಗೆ ಕರಾರಿನಲ್ಲಿ ಏನಿತ್ತು ಅನ್ನೋದೆಲ್ಲ ಕೊಟ್ಟವರು, ತೆಗೆದುಕೊಂಡವರು ತಮ್ಮೊಳಗೆ ಬಗೆಹರಿಸಿಕೊಳ್ಳಬೇಕಾದ ಜಗಳ. ಕಾಲು ಮುರಿದುಕೊಂಡು ಮಲಗಿದವರ ತಲೆ ಮೇಲೆ ಅದನ್ನು ಯಾಕೆ ಹಾಕುತ್ತೀರಿ?

ನಾನಿರುವ ಈ ಊರಿನಲ್ಲೇ ಇಂಥ ಜಗಳ ಒಂದು ಕಾಲದಲ್ಲಿ ದೊಡ್ಡದಾಗಿ ನಡೆದಿತ್ತು. ಲಿವರ್‌ಪೂಲ್ ಬಂದರಿನ ಮಂಡಳಿ ತನ್ನ ಕ್ರೇನನ್ನು ಡ್ರೈವರ್ ಸಮೇತ ಹಡಗಿನ ಸರಕು ಇಳಿಸುವ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಿತ್ತು. ಬಾಡಿಗೆ ಇರುವಷ್ಟು ಕಾಲ ಡ್ರೈವರ್ ನಿಮ್ಮ ಕೆಲಸಗಾರ ಅಂತ ಕರಾರಿನಲ್ಲೇ ಬರೆದಿತ್ತು. ಕ್ರೇನಿಗೆ ಸಿಕ್ಕಿ ಒಬ್ಬರಿಗೆ ಪೆಟ್ಟಾಯಿತು. ಪ್ರಕರಣ ಬ್ರಿಟನ್ನಿನ ಅತಿ ದೊಡ್ಡ ನ್ಯಾಯಪೀಠದವರೆಗೆ ಹೋಯಿತು. 1946ರಲ್ಲಿ ತೀರ್ಪು ಬಂತು. ಏನು ಎತ್ತಬೇಕು ಅಂತ ಬಾಡಿಗೆಗೆ ಪಡೆದವರು ಹೇಳಿರಬಹುದು, ಆದರೆ ಕ್ರೇನನ್ನು ಹೇಗೆ ನಡೆಸಬೇಕು ಅಂತ ಹೇಳುವ ಅಧಿಕಾರ ಮಂಡಳಿಯದ್ದೇ, ಹಾಗಾಗಿ ಹೊಣೆಯೂ ಮಂಡಳಿಯದ್ದೇ ಅಂದರು. ನಾನು ಯಾರ ಅಪ್ಪಣೆಯಂತೆಯೂ ಕೆಲಸ ಮಾಡುವವನಲ್ಲ ಅಂತ ಆ ಡ್ರೈವರ್ ಸಾಕ್ಷಿ ನುಡಿದಿದ್ದನಂತೆ. ನಿಮ್ಮ ನಿಮ್ಮ ನಡುವಿನ ಕಾಗದ ಪೆಟ್ಟು ತಿಂದವರನ್ನು ಕಟ್ಟಿಹಾಕೋದಿಲ್ಲ ಅನ್ನೋದು ನನಗೆ ಆ ತೀರ್ಪಿನಲ್ಲಿ ಜಾಸ್ತಿ ಹಿಡಿಸಿದ ಮಾತು. ಸಂಜೆ ಆ ಬಂದರಿರುವ ಮರ್ಸಿ ನದಿ ದಂಡೆಯಲ್ಲಿ ನಡೆಯುವಾಗ ಎಷ್ಟೋ ಸಲ ನೆನಪಾಗುತ್ತದೆ.

ಅದಾದ ಮೇಲೆ ಬಾಡಿಗೆಗೆ ಕೊಡುವವರೂ ಸುಮ್ಮನೆ ಕೂರಲಿಲ್ಲ. ಯಂತ್ರ ಬಾಡಿಗೆಗೆ ಕೊಡುವವರ ಸಂಘದ ಮಾದರಿ ಕರಾರು ಇಲ್ಲಿ ಎಲ್ಲ ಕಡೆ ನಡೆಯುತ್ತದೆ. ಡ್ರೈವರ್ ಜೊತೆ ಯಂತ್ರ ತೆಗೆದುಕೊಂಡರೂ ಕೆಲಸದ ಜಾಗದಲ್ಲಿ ಅವನ ಹೊಣೆ ಪಡೆದವರದ್ದು, ದುಡ್ಡು ಕಟ್ಟಬೇಕಾಗಿ ಬಂದರೆ ಅವರೇ ತುಂಬಿಕೊಡಬೇಕು ಅಂತ ಅದರಲ್ಲಿದೆ. ಇರಲಿ. ಅದು ಅವರವರ ಲೆಕ್ಕ. ಆ ಲೆಕ್ಕ ಮುಗಿಯುವವರೆಗೆ ನನ್ನನ್ನು ಯಾರೂ ಕಾಯಿಸಲಿಲ್ಲ.

ಮಣಿಕಟ್ಟಿನ ಊತ ಇಳಿದ ಮೇಲೆ ಅದೇ ಬೇಲಿ ಹತ್ತಿರ ಹೋಗಿ ಸರಿಯಾಗಿ ನೋಡಿದೆ. ಬೇಲಿಗೆ ಒಂದು ಬೋರ್ಡು ಕಟ್ಟಿತ್ತು. ಕೆಲಸ ಯಾರದ್ದು, ತುರ್ತಿಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಎರಡೂ ಅದರಲ್ಲಿತ್ತು. ಇಲ್ಲಿ ರಸ್ತೆ ಅಗೆಯುವ ಯಾರೇ ಆದರೂ ಇದನ್ನು ಹಾಕಲೇಬೇಕು. ಅದಕ್ಕೊಂದು ನಿಯಮದ ಪುಸ್ತಕವೇ ಇದೆ, ಎಲ್ಲರೂ ಅದನ್ನು ರೆಡ್ ಬುಕ್ ಅನ್ನುತ್ತಾರೆ. ನಡೆಯುವವರಿಗೆ ಒಂದೂವರೆ ಮೀಟರ್ ದಾರಿ ಬಿಡಬೇಕು, ಜಾಗವೇ ಇಲ್ಲದಿದ್ದರೂ ಒಂದು ಮೀಟರಿಗಿಂತ ಕಡಿಮೆ ಆಗಬಾರದು. ಬೇಲಿಯ ಕೆಳಗಡೆ ಒಂದು ಅಡ್ಡಪಟ್ಟಿ ಇರಬೇಕು, ಕಣ್ಣು ಕಾಣದವರ ಕೋಲು ಅದಕ್ಕೆ ತಾಗಲಿ ಅಂತ. ಬಗ್ಗಿ ನೋಡಿದೆ, ಆ ಪಟ್ಟಿ ಇತ್ತು.

ಒಂದು ಬೋರ್ಡು. ಎಷ್ಟು ಖರ್ಚಾಗುತ್ತದೆ ಅದಕ್ಕೆ? ನಮ್ಮಲ್ಲಿ ಕಾಮಗಾರಿಯ ಶಂಕುಸ್ಥಾಪನೆಗೆ ಆಳೆತ್ತರದ ಫ್ಲೆಕ್ಸ್ ಹಾಕುತ್ತೇವೆ. ಹಾರ ಹಾಕಿಸಿಕೊಂಡವರ ಹೆಸರೆಲ್ಲ ಅದರಲ್ಲಿರುತ್ತದೆ. ಜೆಸಿಬಿ ಮಾಲೀಕನ ಫೋನ್ ನಂಬರ್ ಮಾತ್ರ ಎಲ್ಲೂ ಇರುವುದಿಲ್ಲ.

ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ವಕೀಲ. ಇದನ್ನೆಲ್ಲ ಹೇಳಿಕೊಂಡಾಗ ಅವನಿಗೆ ಬೇಜಾರಾಯ್ತು. "ಅಲ್ಲಿ ಕೂತು ಇಲ್ಲಿನ ಕಾನೂನು ಬೈಯಬೇಡ" ಅಂದ. ಅವನು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು, ಬರೆಯಲು ಮನಸ್ಸಿಲ್ಲದಿದ್ದರೂ. ಟೈರಿನ ಮೇಲೆ ಓಡುವ ಜೆಸಿಬಿ ನಮ್ಮ ನಿಯಮಗಳಲ್ಲಿ ವಾಹನವೇ. ನಂಬರ್ ಪ್ಲೇಟು, ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಎರಡೂ ಕಡ್ಡಾಯ. ಬಾಡಿಗೆ ಗಾಡಿ ಅನ್ನುವ ನೆಪ ನಮ್ಮ ಕೋರ್ಟುಗಳಲ್ಲೂ ನಡೆಯೋದಿಲ್ಲ. ಡ್ರೈವರ್ ಸಮೇತ ಬಾಡಿಗೆಗೆ ಪಡೆದ ಬಸ್ಸಿನ ಅಪಘಾತಕ್ಕೆ, ಅವನನ್ನು ನಡೆಸುತ್ತಿದ್ದ ಸಾರಿಗೆ ನಿಗಮವೇ ಹೊಣೆ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಇನ್ನೊಂದು ಬಾಡಿಗೆ ಬಸ್ಸಿನ ಪ್ರಕರಣದಲ್ಲಿ, ಬಾಡಿಗೆಯ ನೆಪ ಹೇಳಿ ವಿಮಾ ಕಂಪನಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ 2011ರಲ್ಲಿ ಹೇಳಿತು. ಅಷ್ಟೇ ಅಲ್ಲ, ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿ, ಜೀವ ಹೋದರೆ 5 ಲಕ್ಷ, ತಪ್ಪು ಯಾರದ್ದು ಅಂತ ಸಾಬೀತು ಮಾಡದೆಯೇ ಕೇಳಬಹುದು.

ಬ್ರಿಟನ್ನಿನಲ್ಲಿ ಅದಿಲ್ಲ. ಇಲ್ಲಿ ಅಜಾಗರೂಕತೆ ಇತ್ತು ಅಂತ ನಾನೇ ತೋರಿಸಬೇಕು. ಆ ಹಾಳೆಯಲ್ಲಿದ್ದ ವಿಮೆಯವರಿಗೆ ಬರೆದೆ. ಫೋಟೋ ಕೇಳಿದರು, ವೈದ್ಯರ ಪತ್ರ ಕೇಳಿದರು, ಕಣ್ಣಾರೆ ಕಂಡವರು ಯಾರು ಅಂತ ಕೇಳಿದರು. ಮೂರನೇ ಪತ್ರಕ್ಕೆ ಸಾಕಾಗಿ ಬಿಟ್ಟುಬಿಟ್ಟೆ.

ಇನ್ನೊಂದು ಮಾತೂ ಇದೆ. ಆ ಬೆಳಿಗ್ಗೆ ವ್ಯಾನಿನಲ್ಲಿ ಕೂತಿದ್ದಾಗ ನನ್ನ ಪಕ್ಕದಿಂದ ಹತ್ತಾರು ಜನ ನಡೆದು ಹೋದರು. ಒಬ್ಬರೂ ಏನಾಯ್ತು ಅಂತ ಕೇಳಲಿಲ್ಲ. ಚಿಕ್ಕಪ್ಪ ಬಿದ್ದಾಗ ಡೈರಿಯಲ್ಲಿದ್ದವರೆಲ್ಲ ಓಡಿ ಬಂದಿದ್ದರು. ಅವರನ್ನು ಎತ್ತಿ ಆಟೋದಲ್ಲಿ ಮಲಗಿಸಿದ್ದು ಆ ಜೆಸಿಬಿ ಡ್ರೈವರೇ. ಬಿಹಾರದ ಕಡೆಯ ಹುಡುಗ, ಇಪ್ಪತ್ತೂ ಆಗಿರಲಿಕ್ಕಿಲ್ಲ. ದಾರಿಯುದ್ದಕ್ಕೂ ಚಿಕ್ಕಪ್ಪನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಅಳುತ್ತಿದ್ದನಂತೆ. ರಾತ್ರಿಯೇ ಅವನನ್ನು ಬೇರೆಲ್ಲಿಗೋ ಕಳಿಸಿಬಿಟ್ಟರು. "ಆ ಹುಡುಗನ್ನ ಮಾತ್ರ ಏನೂ ಮಾಡಬೇಡಿ" ಅಂತ ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ.

ಕಾನೂನು ನಮ್ಮಲ್ಲಿ ಚೆನ್ನಾಗಿದೆ, ಒಪ್ಪಿದೆ. ಜನ ಇನ್ನೂ ಒಳ್ಳೆಯವರು. ಆದರೆ ಆ ಕಾನೂನಿನ ಬಾಗಿಲು ತಟ್ಟಲು ಒಂದು ಹೆಸರು ಬೇಕಲ್ಲ! 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವಿದೆ. ಅದರಲ್ಲಿ ನಾಲ್ಕು ತಿಂಗಳು ನಾವು ಮಣ್ಣು ಮೆತ್ತಿದ ಎರಡು ಅಂಕಿ ಹಿಂದೆ ಓಡಿದೆವು. ಐದನೇ ತಿಂಗಳಲ್ಲಿ ಅರ್ಜಿ ಹಾಕಿದ್ದು. ಕೇಸು ಇನ್ನೂ ನಡೆಯುತ್ತಿದೆ. ಚಿಕ್ಕಪ್ಪ ಕೋಲು ಹಿಡಿದು ತೋಟದವರೆಗೆ ಹೋಗುತ್ತಾರೆ, ಅಡಿಕೆ ಮರ ಹತ್ತಿ ಕೊಯ್ಯುವ ಕೊನೆಗೌಡರ ಹಿಂದೆ ಗೊನೆ ಹಿಡಿಯಲು ನಿಲ್ಲಲಾಗುವುದಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಚಿಕ್ಕಮ್ಮನ ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇದೆ, ಹಾಲಿನ ಲೆಕ್ಕ ಅದರಲ್ಲೇ. ಒಂದು ಬುಧವಾರದ ಚೌಕದಲ್ಲಿ ಹಾಲಿನ ಲೀಟರಿನ ಕೆಳಗೆ ಕೆಎ ಅಂತ ಶುರುವಾಗುವ ನಂಬರ್ ಬರೆದಿತ್ತು. ಮೇಲಿನ ವಾರದಲ್ಲಿ ಇನ್ನೊಂದು. ಏನಿದು ಅಂತ ಕೇಳಿದೆ. "ಮೋರಿ ಕೆಲಸ ನಡೀತಿದೆ ಕಣೋ. ಜೆಸಿಬಿ ಬಂದ ದಿನ ಬರೆದಿಟ್ಟುಕೊಳ್ಳೋದು" ಅಂದರು. ಪ್ಲೇಟಿಗೆ ಮಣ್ಣು ಮೆತ್ತಿದ್ದರೆ ಒಂದು ಚೊಂಬು ನೀರು ಹಾಕಿ ತೊಳೆದು ನೋಡುತ್ತಾರಂತೆ.