ಕೂಸಿಗೆ ಕೋವಿ: ಅಪ್ಪನ ರುಜು ಇದ್ದರೆ ಸಾಕು

2007ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪೊಲೀಸರು ಒಬ್ಬ ಪ್ರಜೆಗೆ ಬಂದೂಕು ಇಟ್ಟುಕೊಳ್ಳುವ ಗುರುತಿನ ಚೀಟಿ ಕೊಟ್ಟರು. ಚೀಟಿಯ ಪ್ರಕಾರ ಎತ್ತರ 2 ಅಡಿ 3 ಇಂಚು. ತೂಕ 20 ಪೌಂಡ್, ಅಂದರೆ ನಮ್ಮ ತಕ್ಕಡಿಯಲ್ಲಿ 9 ಕಿಲೊ. ವಯಸ್ಸು 10 ತಿಂಗಳು. ಫೋಟೊದಲ್ಲಿ ಬೊಚ್ಚುಬಾಯಿಯ ನಗು, ರುಜು ಇರಬೇಕಾದ ಜಾಗದಲ್ಲಿ ಒಂದು ಗೀಚು. ತಾತ ಮೊಮ್ಮಗನಿಗೆ ಬೆರೆಟ್ಟಾ ಬಂದೂಕು ಉಡುಗೊರೆ ಕೊಟ್ಟಿದ್ದರು, ಅಪ್ಪ ಅರ್ಜಿ ತುಂಬಿದರು, ಇಲಾಖೆಯವರು ಕಾನೂನು ನೋಡಿದರು. ಕನಿಷ್ಠ ವಯಸ್ಸು ಎಂಬ ಸಾಲೇ ಅದರಲ್ಲಿರಲಿಲ್ಲ. ಕೊಟ್ಟರು! ನಮ್ಮ ಸರ್ಕಾರವೂ ಎಳೆಗೂಸುಗಳಿಗೆ ನೀಲಿ ಬಣ್ಣದ ಬಾಲ ಆಧಾರ್ ಕೊಡುತ್ತದೆ, ನಿಜ. ಅದರಿಂದ ಇದುವರೆಗೆ ಗುಂಡು ಹಾರಿದ್ದಿಲ್ಲ.

ಯಾವುದೋ ಒಂದು ಕಚೇರಿಯ ಎಡವಟ್ಟು ಇದು ಎಂದುಕೊಳ್ಳಬೇಡಿ. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿರಿಯರ ಜೊತೆ ಬೇಟೆಗೆ ಹೋಗಲು ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕಿತ್ತು. 2017ರ ನವೆಂಬರಿನಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಜೊತೆಗೆ ಇನ್ನೊಂದು ತಿದ್ದುಪಡಿ: ಮೊದಲು ಗುರು ಶಿಷ್ಯ ಇಬ್ಬರ ನಡುವೆ ಒಂದೇ ಬಂದೂಕು ಇರಬೇಕಿತ್ತು, ಈಗ ತಲೆಗೊಂದು ಇರಬಹುದು. ಕಾನೂನು ಜಾರಿಗೆ ಬಂದ ಕೆಲವೇ ದಿನಗಳಲ್ಲಿ ಬೇಟೆಯ ಪರವಾನಗಿ ಪಡೆದವರ ಪಟ್ಟಿಯಲ್ಲಿ ಇನ್ನೂ ವರ್ಷ ತುಂಬದ 10 ಕೂಸುಗಳಿದ್ದವು. ನಮ್ಮಲ್ಲಿ ಆರನೇ ತಿಂಗಳಿಗೆ ಅನ್ನಪ್ರಾಶನ, ಆಮೇಲೆ ಜವಳ, ಆಮೇಲೆ ಅಕ್ಷರಾಭ್ಯಾಸ. ವಿಸ್ಕಾನ್ಸಿನ್ ಪಂಚಾಂಗದಲ್ಲಿ ಅನ್ನಪ್ರಾಶನಕ್ಕೂ ಮೊದಲೇ ಮೃಗಯಾವಿಹಾರಕ್ಕೆ ಮುಹೂರ್ತ ಇಡಬಹುದು.

ಇನ್ನು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು, ರುಚಿ ಇರುವುದೇ ಇಲ್ಲಿ. 1968ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರುವ ಅಂಗಡಿಯವನು 21 ತುಂಬದವರಿಗೆ ಪಿಸ್ತೂಲು ಮಾರುವಂತಿಲ್ಲ, 18 ತುಂಬದವರಿಗೆ ರೈಫಲ್ ಮಾರುವಂತಿಲ್ಲ. ಸರಿಯಾಗಿದೆಯಲ್ಲ ಎನ್ನುತ್ತೀರಿ. ಆದರೆ ಅದು ಅಂಗಡಿಯವನಿಗೆ ಹಾಕಿದ ಕಟ್ಟು, ಅಪ್ಪನಿಗಲ್ಲ. 1994ರಲ್ಲಿ ಇನ್ನೊಂದು ಕಾನೂನು ಬಂತು: 18ರೊಳಗಿನ ಮಕ್ಕಳ ಕೈಯಲ್ಲಿ ಪಿಸ್ತೂಲು ಇರಕೂಡದು. ಬೇಟೆ, ಗುರಿ ಅಭ್ಯಾಸ, ಹೊಲದ ಕೆಲಸ ಇಂಥವುಗಳಿಗೆ ಮಾತ್ರ ಇರಬಹುದು, ಅದಕ್ಕೂ ಅಪ್ಪ ಅಥವಾ ಅಮ್ಮ ಬರೆದುಕೊಟ್ಟ ಒಪ್ಪಿಗೆ ಚೀಟಿ ಬೇಕು, ಪಿಸ್ತೂಲು ಇರುವಷ್ಟು ಹೊತ್ತೂ ಆ ಚೀಟಿ ಮಗುವಿನ ಜೇಬಿನಲ್ಲೇ ಇರಬೇಕು. ಜ್ವರ ಬಂದು ಶಾಲೆ ತಪ್ಪಿಸಿಕೊಂಡಾಗ ನಾವು ಒಯ್ಯುತ್ತಿದ್ದ ರಜಾ ಚೀಟಿಯ ದೊಡ್ಡಣ್ಣ ಇದು.

ಇಷ್ಟೆಲ್ಲ ಪಿಸ್ತೂಲಿನ ಮಾತಾಯಿತು. ರೈಫಲ್ಲು, ಶಾಟ್‌ಗನ್ನು? ಅವನ್ನು ಅಪ್ಪ ಮಗನ ಕೈಗೆ ಕೊಡಲು ರಾಷ್ಟ್ರಮಟ್ಟದ ಕಾನೂನಿನಲ್ಲಿ ಕನಿಷ್ಠ ವಯಸ್ಸೇ ಇಲ್ಲ. ಕೆಲವು ರಾಜ್ಯಗಳು ತಮ್ಮ ತಮ್ಮ ಮಿತಿ ಹಾಕಿಕೊಂಡಿವೆ, ಹಲವು ಆ ಗೊಡವೆಗೇ ಹೋಗಿಲ್ಲ. ಶಾಲೆಗಳಲ್ಲಿ ಹೆಣ ಬಿದ್ದಾಗಲೆಲ್ಲ ಹೆಸರು ಕೇಳಿಬರುವ ಎಆರ್-15 ಕೂಡ ರೈಫಲ್ಲೇ. ಅಂಗೈ ಅಗಲದ ಪಿಸ್ತೂಲಿಗೆ ಚೀಟಿ ಬೇಕು, ಕಾಳಗದ ಬಂದೂಕಿನ ತಮ್ಮನಂತಿರುವ ಇದಕ್ಕೆ ಬೇಡ. ನಳಿಗೆ ಉದ್ದವಾದಷ್ಟೂ ಹಿಡಿಯುವವನು ಗಿಡ್ಡ ಇರಬಹುದು ಎಂಬುದು ಶಾಸನದ ತಾತ್ಪರ್ಯ.

ಮಕ್ಕಳ ಸುರಕ್ಷತೆಯ ಬಗ್ಗೆ ಅಮೆರಿಕಕ್ಕೆ ಕಾಳಜಿ ಇಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಹೊಟ್ಟೆಯೊಳಗೆ ಆಟಿಕೆ ಅಡಗಿಸಿಕೊಂಡ ಚಾಕೊಲೇಟ್ ಮೊಟ್ಟೆಯನ್ನು ಅಲ್ಲಿ ಮಾರುವಂತಿಲ್ಲ, ಮಗುವಿನ ಗಂಟಲಿಗೆ ಸಿಕ್ಕಿಬಿಟ್ಟರೆ ಎಂಬ ಭಯ. ಆಟಿಕೆ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಇರಲೇಬೇಕು, 1988ರ ಕಾನೂನು. ಆಟಿಕೆಗಳನ್ನು ತಪಾಸಣೆ ಮಾಡಿ ಅಪಾಯಕಾರಿಯಾದುದನ್ನು ಮಾರುಕಟ್ಟೆಯಿಂದ ವಾಪಸು ಕರೆಸುವ ಗ್ರಾಹಕ ಸುರಕ್ಷತಾ ಆಯೋಗವೂ ಇದೆ. ನಿಜವಾದ ಬಂದೂಕು ಮಾತ್ರ ಆ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಪ್ಲಾಸ್ಟಿಕ್ ಬಂದೂಕಿನ ಗುಂಡಿ ಕಿತ್ತು ಬಂದರೆ ಕಂಪನಿಗೆ ನೋಟಿಸು, ಉಕ್ಕಿನ ಬಂದೂಕಿನ ಗುಂಡು ಹೊರಬಂದರೆ ಅದು ಉತ್ಪನ್ನದ ಗುಣಮಟ್ಟ.

ಅಪ್ಪ ಮಗನಿಗೆ ಬೇಟೆ ಕಲಿಸುವುದನ್ನು ನಾನು ಗೇಲಿ ಮಾಡುತ್ತಿಲ್ಲ. ಚಳಿಗಾಲಕ್ಕೆ ಜಿಂಕೆಯ ಮಾಂಸ ಕೂಡಿಡುವ ಹಳ್ಳಿಗಳು ಅಲ್ಲಿವೆ, ಅವರ ಬದುಕು ಅವರದು. ಬಂದೂಕಿನ ನಂಟು ನಮಗೂ ಹೊಸದಲ್ಲ. ಕೊಡಗಿನಲ್ಲಿ ಕೊಡವರಿಗೆ ಬ್ರಿಟಿಷರ ಕಾಲದಿಂದ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವು, ಗಂಧ, ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು. ಇಷ್ಟೊಂದು ಕೋವಿಯ ಮೋಹ ಇರುವವರೂ ಕೂಸಿನ ಕೈಗೆ ಕೊಡುವುದು ಏನನ್ನು? ಹರಳುಗಿಡದ ಕಡ್ಡಿಯಲ್ಲಿ ಮಾಡಿದ ಪುಟಾಣಿ ಬಿಲ್ಲು. ಗುಂಡು ಹಾರಿಸುವವರು ದೊಡ್ಡವರು. ಉಳಿದ ಭಾರತದಲ್ಲಂತೂ 21 ತುಂಬದೆ ಲೈಸೆನ್ಸಿನ ಮಾತೇ ಇಲ್ಲ. ತುಂಬಿದ ಮೇಲೂ ಚುನಾವಣೆ ಬಂತೆಂದರೆ, ಹಂದಿ ಓಡಿಸಲು ಇಟ್ಟುಕೊಂಡ ತುಪಾಕಿಯನ್ನು ಮಲೆನಾಡಿನ ರೈತ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು.

ಅಮೆರಿಕದ ಕೂಸುಗಳಿಗೆ ಹರಳುಕಡ್ಡಿ ಸಾಲದು. ಪೆನ್ಸಿಲ್ವೇನಿಯಾದ ಒಂದು ಕಂಪನಿ ‘ಕ್ರಿಕೆಟ್’ ಎಂಬ ಬಂದೂಕು ತಯಾರಿಸುತ್ತದೆ. ‘ನನ್ನ ಮೊದಲ ರೈಫಲ್’ ಎಂಬುದು ಅದರ ಘೋಷವಾಕ್ಯ. ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದಲ್ಲೂ ಸಿಗುತ್ತದೆ. 2013ರಲ್ಲಿ ಕೆಂಟಕಿಯ ಒಂದು ಮನೆಯಲ್ಲಿ 5 ವರ್ಷದ ಹುಡುಗ ತನಗೆ ಉಡುಗೊರೆಯಾಗಿ ಬಂದಿದ್ದ ಅದೇ ಬಂದೂಕಿನಿಂದ 2 ವರ್ಷದ ತಂಗಿಯನ್ನು ಕೊಂದ. ಬಂದೂಕು ಮೂಲೆಯಲ್ಲಿತ್ತು, ಒಳಗೆ ಒಂದು ತೋಟಾ ಉಳಿದಿರುವುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅವಘಡ ಎಂದು ಬರೆದುಕೊಂಡರು.

ಮಾರುಕಟ್ಟೆ ಅಷ್ಟಕ್ಕೆ ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಇನ್ನೊಂದು ಕಂಪನಿ ಜೆಆರ್-15 ಎಂಬ ಮರಿ ಬಂದೂಕನ್ನು ಲಾಸ್ ವೇಗಸ್‌ನ ಮೇಳಕ್ಕೆ ತಂದಿತು. ಎಆರ್-15ನ್ನೇ ಕುಗ್ಗಿಸಿ, ಹಗುರ ಮಾಡಿ, ಅಪ್ಪ ಅಮ್ಮನ ಬಂದೂಕಿನ ಹಾಗೇ ಇದೆ ಎಂದು ಸಾರಿತು. ಲಾಂಛನದಲ್ಲಿ ಎರಡು ತಲೆಬುರುಡೆ, ಎರಡರ ಬಾಯಲ್ಲೂ ಕೂಸು ಚೀಪುವ ನಿಪ್ಪಲ್. ಹುಡುಗಿಯ ಬುರುಡೆಗೆ ಎರಡು ಜಡೆ ಬೇರೆ! ಇದನ್ನು ನೋಡಿ ಬೆಚ್ಚಿದ ಕ್ಯಾಲಿಫೋರ್ನಿಯ, ಮಕ್ಕಳಿಗೆ ಬಂದೂಕಿನ ಜಾಹೀರಾತು ತೋರಿಸುವುದನ್ನು ಅದೇ ವರ್ಷ ನಿಷೇಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದಿತು. ದೊಡ್ಡವರ ಕಣ್ಗಾವಲಿನಲ್ಲಿ ಮಕ್ಕಳು ಬಂದೂಕು ಬಳಸುವುದು ಕಾನೂನುಬದ್ಧ, ಹಾಗಿರುವಾಗ ಅದರ ಜಾಹೀರಾತನ್ನು ತಡೆಯುವುದು ಹೇಗೆ ಎಂಬುದು ತರ್ಕ. ತರ್ಕದಲ್ಲಿ ಲೋಪವಿಲ್ಲ. ಲೋಪವಿಲ್ಲದಿರುವುದೇ ಭಯ ಹುಟ್ಟಿಸುತ್ತದೆ.

ವಾಕ್ ಸ್ವಾತಂತ್ರ್ಯ ಎಂದಾಗ ಫ್ಲಾರಿಡಾ ನೆನಪಾಗುತ್ತದೆ. ಮನೆಯಲ್ಲಿ ಬಂದೂಕು ಇದೆಯೇ ಎಂದು ಡಾಕ್ಟರು ರೋಗಿಯನ್ನು ಕೇಳಬಾರದು ಎಂದು 2011ರಲ್ಲಿ ಅಲ್ಲಿ ಕಾನೂನು ಮಾಡಿದ್ದರು. ಮಗುವಿಗೆ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಬಹುದು, ಸೋಪು ಪುಡಿ ಎಲ್ಲಿಟ್ಟಿದ್ದೀರಿ ಎಂದು ಕೇಳಬಹುದು, ಪಿಸ್ತೂಲು ಎಲ್ಲಿಟ್ಟಿದ್ದೀರಿ ಎಂದರೆ ಖಾಸಗಿತನದ ಉಲ್ಲಂಘನೆ. 2017ರಲ್ಲಿ ನ್ಯಾಯಾಲಯ ಆ ಕಾನೂನನ್ನು ಬಿಸಾಕಿತು. ಮಗುವನ್ನು ಬೇರೆಯವರ ಮನೆಗೆ ಆಟಕ್ಕೆ ಕಳಿಸುವ ಮೊದಲು ಬಂದೂಕಿನ ಬಗ್ಗೆ ವಿಚಾರಿಸಿ ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಡಲ್ಲಾಸಿನಲ್ಲೋ ಅಟ್ಲಾಂಟಾದಲ್ಲೋ ಇರುವ ನಮ್ಮ ಕನ್ನಡದ ಅಮ್ಮಂದಿರ ಸಂಕಟ ಯೋಚಿಸಿ. “ನಮ್ಮವನಿಗೆ ಕಡಲೆಬೀಜ ಆಗಲ್ಲ, ಮಾಂಸ ಕೊಡಬೇಡಿ, ಅಂದ ಹಾಗೆ ನಿಮ್ಮ ಬಂದೂಕಿಗೆ ಬೀಗ ಹಾಕಿದ್ದೀರಿ ತಾನೇ?” ಎಂದು ಸಂಕೋಚವಿಲ್ಲದೆ ಕೇಳಲು ಯಾವ ಸಂಸ್ಕಾರ ಶಿಬಿರದಲ್ಲಿ ಕಲಿಸುತ್ತಾರೆ?

ಈಗ ಅಪ್ಪನ ರುಜುವಿನ ವಿಚಾರ. ಇಲಿನಾಯ್‌ನಲ್ಲಿ 21 ತುಂಬದವರು ಬಂದೂಕಿನ ಚೀಟಿಗೆ ಅರ್ಜಿ ಹಾಕಿದರೆ ತಂದೆ ಅಥವಾ ತಾಯಿಯ ಸಹಿ ಬೇಕಿತ್ತು. 2019ರ ಸೆಪ್ಟೆಂಬರಿನಲ್ಲಿ, ಎಲ್ಲರನ್ನೂ ಕೊಲ್ಲುತ್ತೇನೆ ಎಂದು ಮನೆಯಲ್ಲಿ ಬೆದರಿಸಿದ್ದಕ್ಕೆ ಹದಿಹರೆಯದ ಒಬ್ಬ ಹುಡುಗನ ಮನೆಗೆ ಪೊಲೀಸರು ಬಂದು 16 ಚಾಕು, ಒಂದು ಕಠಾರಿ, ಒಂದು ಕತ್ತಿ ಎತ್ತಿಕೊಂಡು ಹೋದರು. ಅವು ನನ್ನವು ಎಂದು ಹೇಳಿ ಅಪ್ಪ ವಾಪಸು ತಂದರು. ಡಿಸೆಂಬರಿನಲ್ಲಿ ಮಗನ ಬಂದೂಕಿನ ಅರ್ಜಿಗೆ ಅದೇ ಅಪ್ಪ ರುಜು ಹಾಕಿದರು. 2022ರ ಜುಲೈ 4ರಂದು ಹೈಲ್ಯಾಂಡ್ ಪಾರ್ಕ್‌ನ ಸ್ವಾತಂತ್ರ್ಯೋತ್ಸವದ ಮೆರವಣಿಗೆಯ ಮೇಲೆ ಆ ಮಗ ಗುಂಡು ಸುರಿಸಿದ, 7 ಜನ ಸತ್ತರು. ತಪ್ಪೊಪ್ಪಿಕೊಂಡ ಅಪ್ಪನಿಗೆ 60 ದಿನದ ಜೈಲು.

ಮಿಷಿಗನ್ನಿನ ಆಕ್ಸ್‌ಫರ್ಡ್‌ನಲ್ಲಿ 2021ರ ನವೆಂಬರ್ 26ರಂದು ಅಪ್ಪ ಒಂದು 9 ಎಂಎಂ ಪಿಸ್ತೂಲು ಕೊಂಡರು. ಮಗನ ಕ್ರಿಸ್‌ಮಸ್ ಉಡುಗೊರೆ ಎಂದು ಅಮ್ಮ ಸಾಮಾಜಿಕ ಜಾಲತಾಣದಲ್ಲಿ ಹೆಮ್ಮೆಯಿಂದ ಬರೆದುಕೊಂಡರು. ನಾಲ್ಕು ದಿನದ ಮೇಲೆ 15 ವರ್ಷದ ಆ ಹುಡುಗ ತನ್ನ ಶಾಲೆಯ ನಾಲ್ವರನ್ನು ಕೊಂದ. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಶಿಕ್ಷೆಯಾಯಿತು. ಮಗ ಮಾಡಿದ ಶಾಲಾ ಹತ್ಯೆಗಾಗಿ ತಂದೆತಾಯಿ ನರಹತ್ಯೆಯ ಅಪರಾಧಿಗಳಾದದ್ದು ಆ ದೇಶದಲ್ಲಿ ಅದೇ ಮೊದಲು. ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಬೇಕೆಂಬ ಕಾನೂನು ಮಿಷಿಗನ್ನಿನಲ್ಲಿ ಜಾರಿಗೆ ಬಂದದ್ದೂ ಅದೇ ವರ್ಷ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಅಲ್ಲಿ ಬಾಗಿಲನ್ನು ಮಾಡಿಸಿದ್ದೇ ಆಮೇಲೆ. ಮರುವರ್ಷಕ್ಕೆ ಕಾಯಬೇಕಾಗಲಿಲ್ಲ, ಆ ಸೆಪ್ಟೆಂಬರಿನಲ್ಲೇ ಜಾರ್ಜಿಯಾದ ಅಪಲಾಚಿ ಶಾಲೆಯಲ್ಲಿ 4 ಹೆಣ ಬಿದ್ದವು. ಆರೋಪಿಯ ವಯಸ್ಸು 14. ಬಂದೂಕು ಅಪ್ಪ ಕೊಟ್ಟ ಕ್ರಿಸ್‌ಮಸ್ ಉಡುಗೊರೆ ಎಂದು ತನಿಖೆಯವರು ಹೇಳಿದರು.

2020ರಿಂದೀಚೆಗೆ ಅಮೆರಿಕದಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಬಂದೂಕು. ರಸ್ತೆ ಅಪಘಾತವನ್ನೂ ಹಿಂದೆ ಹಾಕಿದೆ. ಹಾಗಿದ್ದ ಮೇಲೆ ಶಾಸಕರು ತಲೆ ಕೆಡಿಸಿಕೊಂಡಿರಲೇಬೇಕಲ್ಲ? ಕೆಡಿಸಿಕೊಂಡಿದ್ದಾರೆ. 2023ರ ಜನವರಿಯಲ್ಲಿ ಮಿಸೌರಿಯ ಕೆಳಮನೆ ಮಹಿಳಾ ಸದಸ್ಯರ ಉಡುಪಿನ ಬಗ್ಗೆ ದೀರ್ಘ ಚರ್ಚೆ ನಡೆಸಿತು. ಸದನದಲ್ಲಿ ಅವರ ತೋಳು ಕಾಣಕೂಡದು, ಮೇಲೊಂದು ಜಾಕೆಟ್ಟೋ ಕಾರ್ಡಿಗನ್ನೋ ಕಡ್ಡಾಯ ಎಂದು ನಿಯಮ ಬಿಗಿ ಮಾಡಿತು. ಮರು ತಿಂಗಳು ಅದೇ ಮನೆಯ ಮುಂದೆ ಒಂದು ತಿದ್ದುಪಡಿ ಬಂತು. ಸೇಂಟ್ ಲೂಯಿಸ್ ನಗರದ ನಡುಬೀದಿಯಲ್ಲಿ 14 ವರ್ಷದ ಹುಡುಗರು ಎಆರ್-15 ಹಿಡಿದು ಓಡಾಡುತ್ತಿದ್ದಾರೆ, ದೊಡ್ಡವರು ಜೊತೆಗಿಲ್ಲದೆ ಮಕ್ಕಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಒಯ್ಯದಂತೆ ಮಾಡಿ ಎಂದು ಆ ನಗರದ ಶಾಸಕಿ ಕೇಳಿಕೊಂಡರು. ಅವರಿಗೂ ಜಾಕೆಟ್ಟಿನ ನಿಯಮ ಅನ್ವಯಿಸುತ್ತಿತ್ತು. ತಿದ್ದುಪಡಿ 104–39 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದ ಸದಸ್ಯರೊಬ್ಬರ ವಾದ ಇಷ್ಟು: 14ರ ಹುಡುಗ ಬಂದೂಕು ಹಿಡಿದು ಬೀದಿಯಲ್ಲಿ ನಿಂತ ಮಾತ್ರಕ್ಕೆ ಯಾರಿಗೋ ಹಾನಿ ಮಾಡುತ್ತಾನೆ ಎಂದು ಹೇಳಲಾಗದು, ಅದು ಇನ್ನೂ ನಮಗೆ ಗೊತ್ತಿಲ್ಲ.