ಆಸ್ಪತ್ರೆಗೆ ಕಪಾಟು ಮಾಡಿಸುವ ಮುಂಚೆ ಒರೆಸುವವರನ್ನು ಕೇಳಿ

ಹೊಸದಾಗಿ ನರ್ಸಿಂಗ್ ಹೋಂ ಕಟ್ಟಿಸುವ ಡಾಕ್ಟರುಗಳು ನನ್ನ ಹತ್ತಿರ ಮೊದಲು ಮಾತಾಡುವುದು ಬಣ್ಣದ ಬಗ್ಗೆ. ಆಮೇಲೆ, "ಆ್ಯಂಟಿ ಬ್ಯಾಕ್ಟೀರಿಯಲ್ ಲ್ಯಾಮಿನೇಟ್ ಬಂದಿದೆಯಂತಲ್ಲ, ಅದನ್ನೇ ಹಾಕಿಬಿಡಿ" ಅನ್ನುತ್ತಾರೆ. ಪ್ಲೈವುಡ್ ಮೇಲೆ ಅಂಟಿಸುವ, ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಮಾರುವ ಶೀಟ್ ಅದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಆಸ್ಪತ್ರೆಗಳಿಗೆ ಕಪಾಟು, ಕೌಂಟರ್ ಮಾಡಿಕೊಡುವುದು ನನ್ನ ಕೆಲಸ. ನಾನು ಅವರನ್ನು ಕೇಳುವುದು ಬೇರೆ. ಇದನ್ನು ದಿನಾ ಒರೆಸೋರು ಯಾರು? ಏನು ಹಾಕಿ ಒರೆಸ್ತಾರೆ? ದಿನಕ್ಕೆ ಎಷ್ಟು ಸಲ? ಬಹಳ ಕಡೆ ಇದಕ್ಕೆ ಉತ್ತರವೇ ಇರುವುದಿಲ್ಲ.

ಮನೆಯ ಅಡುಗೆಮನೆಗೆ ಒಪ್ಪುವ ಮರಗೆಲಸ ಆಸ್ಪತ್ರೆಗೆ ಒಪ್ಪುವುದಿಲ್ಲ. ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ರಕ್ತ ಚೆಲ್ಲಿದರೆ 1% ಹೈಪೋ (ಕ್ರಿಮಿ ಕೊಲ್ಲುವ ಬ್ಲೀಚ್ ದ್ರಾವಣ) ಸುರಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ಲೇಬರ್ ವಾರ್ಡಿನಲ್ಲಿ ಪ್ರತಿ ಹೆರಿಗೆ ಆದ ಮೇಲೂ ಒರೆಸಬೇಕು. ವರ್ಷಗಟ್ಟಲೆ ಈ ಪೆಟ್ಟು ತಿಂದು ಉಳಿಯುವ ವಸ್ತುವೇ ಆಸ್ಪತ್ರೆಗೆ ಬೇಕಾದದ್ದು. ಅಂಗಡಿಯಲ್ಲಿ ಅಂಗೈ ಅಗಲದ ಸ್ಯಾಂಪಲ್ ನೋಡಿದರೆ ಇದು ಗೊತ್ತಾಗಲ್ಲ.

ಒಂದು ಕಡೆ ಇಂಜೆಕ್ಷನ್ ರೂಮಿನ ಸಿಂಕ್ ಕೆಳಗಿನ ಕಪಾಟು ರಿಪೇರಿಗೆ ಕರೆದಿದ್ದರು. ನಿಂತು ನೋಡಿದರೆ ಏನೂ ಆಗಿಲ್ಲ, ಕ್ರೀಮ್ ಬಣ್ಣದ ಶೀಟ್ ಹೊಳೆಯುತ್ತಿತ್ತು. ಕೂತು ಬಾಗಿಲಿನ ಕೆಳಗಿನ ಅಂಚಿಗೆ ಬೆರಳು ಹಾಕಿದೆ. ಅಂಚಿಗೆ ಪಟ್ಟಿಯನ್ನೇ ಹಾಕಿರಲಿಲ್ಲ. ಯಾರು ಬಗ್ಗಿ ನೋಡ್ತಾರೆ ಅಂತ ಬಿಟ್ಟಿದ್ದರು. ಪ್ಲೈವುಡ್ ಪದರಗಳು ನೆನೆದ ಪುಸ್ತಕದ ಹಾಗೆ ಬಿಚ್ಚಿಕೊಂಡಿದ್ದವು. ಒಳಗೆ ಕಪ್ಪು ಬೂಷ್ಟು. ಹಿಂಜ್ ಕೂರಿಸಲು ಕೊರೆದ ಗುಂಡಿಯಲ್ಲಿ ಜಿರಳೆ ಮೊಟ್ಟೆ. ಅದೇ ಕಪಾಟಿನೊಳಗೆ ಹತ್ತಿ, ಗಾಜ್ ಬಟ್ಟೆಯ ಹೊಸ ಪ್ಯಾಕೆಟ್‌ಗಳು! ಅಲ್ಲಿನ ಆಯಾ ಹೇಳಿದ್ದು ಇಷ್ಟೇ: "ಬಾಗಿಲು ನೆಲಕ್ಕೇ ತಾಗ್ತದೆ ಅಣ್ಣಾ. ನಾನು ಎಷ್ಟು ಹುಷಾರಾಗಿ ಮಾಪ್ ಹಾಕಿದ್ರೂ ನೀರು ಕುಡೀತದೆ." ಡ್ರಾಯಿಂಗ್ ಮಾಡುವಾಗ ಆಕೆಯನ್ನು ಒಂದು ಮಾತು ಕೇಳಿದ್ದರೆ ಆ ಕಪಾಟು ಹಾಗೆ ಆಗುತ್ತಲೇ ಇರಲಿಲ್ಲ.

ಇಂಥ ಕಡೆ "ಮರೀನ್ ಪ್ಲೈ ಹಾಕಿದೀವಿ, ಏನೂ ಆಗಲ್ಲ" ಅನ್ನುವ ಮಾತು ಸದಾ ಕೇಳುತ್ತೇನೆ. ಮರೀನ್ ಪ್ಲೈ ಅಂದರೆ ನೀರು ತಡೆಯುವಂಥದ್ದು ಅಂತ ಮಾರುವ ಪ್ಲೈವುಡ್. ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತಿರುವ ಈ ಪ್ಲೈಯನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಆ ಪರೀಕ್ಷೆ ಹೇಳುವುದು ಅಂಟು ಬಿಡುವುದಿಲ್ಲ ಅಂತ. ಒಳಗಿರುವುದು ಮರವೇ ಅಲ್ವಾ? ತೆರೆದ ಅಂಚಿನಿಂದ ಅದು ನೀರು ಎಳೆದೇ ಎಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎಳೆದ ನೀರು ಆರುವುದೂ ಇಲ್ಲ. ಮರದ ನಾರು, ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂತೂ ಉಬ್ಬಿ ಹಿಟ್ಟಾಗುತ್ತವೆ. ಅವನ್ನು ನೀರಿನ ಹತ್ತಿರ ತರಲೇಬೇಡಿ.

ಅದಕ್ಕೇ ಶೀಟ್ ಯಾವ ಕಂಪನಿಯದು ಅನ್ನುವುದಕ್ಕಿಂತ ಅಂಚು ಹೇಗೆ ಮುಚ್ಚಿದ್ದಾರೆ ಅನ್ನುವುದನ್ನು ನಾನು ಜಾಸ್ತಿ ನೋಡುತ್ತೇನೆ. ನಾಲ್ಕೂ ಅಂಚಿಗೆ, ಕಣ್ಣಿಗೆ ಬೀಳದ ಕಡೆಗೂ, ಪಟ್ಟಿ ಇರಬೇಕು. ಕೈಯಲ್ಲಿ ಗಮ್ ಹಚ್ಚಿ ಒತ್ತಿದರೆ ಸಾಲದು, ಮೆಷಿನ್‌ನಲ್ಲಿ ಕೂರಿಸಬೇಕು. ಪಿಯುಆರ್ (ಪಾಲಿಯುರೆಥೇನ್) ಗಮ್ ಆದರೆ ನೀರು, ಬಿಸಿ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಕಪಾಟಿನ ಒಳಗಡೆಗೂ ಲ್ಯಾಮಿನೇಟ್ ಬೇಕು, ಬರೀ ಪೇಂಟ್ ಹೊಡೆದು ಬಿಡಬಾರದು. ಹಿಂಜ್ ಗುಂಡಿ, ಪೈಪ್ ಹೋಗಲು ಕೊರೆದ ತೂತು, ಹಿಂಬದಿಯ ಶೀಟು, ಎಲ್ಲಕ್ಕೂ ಸೀಲ್ ಬೇಕು.

ಇನ್ನು ಆ "ಆ್ಯಂಟಿ ಬ್ಯಾಕ್ಟೀರಿಯಲ್" ವಿಷಯ. ಇಂಥ ಶೀಟ್‌ಗಳಿಗೆ ಸಾಮಾನ್ಯವಾಗಿ ತೋರಿಸುವುದು ಜೆಐಎಸ್ ಝಡ್ 2801 ಅಥವಾ ಐಎಸ್‌ಒ 22196 ಪರೀಕ್ಷೆಯ ಸರ್ಟಿಫಿಕೇಟ್. ಅದರಲ್ಲಿ ಬ್ಯಾಕ್ಟೀರಿಯಾ ಇರುವ ದ್ರವವನ್ನು ಶೀಟ್ ಮೇಲೆ ಹಾಕಿ, ಮೇಲೆ ತೆಳು ಪ್ಲಾಸ್ಟಿಕ್ ಮುಚ್ಚಿ, 35 ಡಿಗ್ರಿ ಬಿಸಿಯಲ್ಲಿ, ಹಸಿ ಗಾಳಿಯಲ್ಲಿ 24 ಗಂಟೆ ಇಡುತ್ತಾರೆ. ಫ್ಯಾನ್ ಕೆಳಗಿನ ಒಣ ಕೌಂಟರ್ ಹಾಗಿರುತ್ತದೆಯಾ? ಅದೂ ಅಲ್ಲದೆ, ಒಬ್ಬ ರೋಗಿ ಮುಟ್ಟಿದ ಐದು ನಿಮಿಷಕ್ಕೆ ಇನ್ನೊಬ್ಬರು ಮುಟ್ಟುತ್ತಾರೆ. ಮೇಲೆ ಕೊಳೆಯ ಪದರ ಕೂತರೆ ಬ್ಯಾಕ್ಟೀರಿಯಾ ಕೊಲ್ಲಲೆಂದು ಶೀಟಿಗೆ ಸೇರಿಸಿದ ಬೆಳ್ಳಿ ಅಂಶ ಕೆಳಗಿದ್ದು ಏನು ಮಾಡೀತು? ಬೇಡ ಅನ್ನುವುದಿಲ್ಲ. ಆದರೆ ಆ ಹೆಚ್ಚಿನ ದುಡ್ಡನ್ನು ಅಂಚಿಗೆ ಹಾಕಿ ಅನ್ನುತ್ತೇನೆ.

ಒರೆಸುವುದಕ್ಕೆ ಬದಲಿ ಇಲ್ಲ ಅಂತ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2006ರಲ್ಲಿ ಜರ್ಮನಿಯ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಔಷಧಿಗೆ ಬಗ್ಗದ ಸ್ಟೆಫಿಲೊಕಾಕಸ್, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಕ್ರಿಮಿಗಳು ಒಣ ಮೇಲ್ಮೈ ಮೇಲೂ ತಿಂಗಳುಗಟ್ಟಲೆ ಬದುಕಿರಬಲ್ಲವು ಅಂತ ಕಂಡಿತು. ನುಣುಪಾದ ಜಾಗದಿಂದ ಬಟ್ಟೆ ಅವನ್ನು ಎತ್ತಿಕೊಂಡು ಹೋಗುತ್ತದೆ. ಬಿರುಕು, ಜಾಯಿಂಟ್, ಈಗ ಫ್ಯಾಷನ್ ಆಗಿರುವ ಗೆರೆಗೆರೆಯ ಫ್ಲೂಟೆಡ್ ಪ್ಯಾನೆಲ್, ಇವುಗಳ ಸಂದಿಗೆ ಬಟ್ಟೆ ಇಳಿಯುವುದೇ ಇಲ್ಲ. ರಿಸೆಪ್ಷನ್ ಗೋಡೆಗೆ ಬೇಕಾದರೆ ಹಾಕಿಕೊಳ್ಳಿ. ವಾರ್ಡಿಗೆ ಖಂಡಿತ ಬೇಡ. ಕಡು ಬಣ್ಣದ ಮರದ ಡಿಸೈನ್ ಕೂಡ ಬೇಡ. ಒಂದು ಹನಿ ರಕ್ತ ಬಿದ್ದರೂ ಕಣ್ಣಿಗೆ ಹೊಡೆಯಬೇಕು. ತಿಳಿ ಬಣ್ಣವೇ ಸರಿ.

ಸಿಂಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೆನಡಾದ ಟೊರೊಂಟೊದ ಒಂದು ದೊಡ್ಡ ಆಸ್ಪತ್ರೆಯಲ್ಲಿ 2004ರ ಡಿಸೆಂಬರ್‌ನಿಂದ 2006ರ ಮಾರ್ಚ್‌ವರೆಗೆ 36 ರೋಗಿಗಳಿಗೆ ಔಷಧಿಗೆ ಬಗ್ಗದ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ತಗುಲಿತು. ಹುಡುಕಿದರೆ ಅದು ಐಸಿಯು ಕೋಣೆಗಳ ಕೈ ತೊಳೆಯುವ ಸಿಂಕಿನ ಡ್ರೈನ್‌ನಲ್ಲಿ ಬೀಡುಬಿಟ್ಟಿತ್ತು. ಡ್ರೈನ್‌ಗೆ ಹೊಳೆಯುವ ಬಣ್ಣ ಹಾಕಿ ನಲ್ಲಿ ಬಿಟ್ಟು ನೋಡಿದರು. ಒಳಗಿನದು ಕನಿಷ್ಠ 1 ಮೀಟರ್ ದೂರಕ್ಕೆ ಸಿಡಿಯುತ್ತಿತ್ತು. ಸಿಂಕ್‌ಗಳನ್ನು ಸಿಡಿಯದ ಹಾಗೆ ಬದಲಾಯಿಸಿದ ಮೇಲೆಯೇ ಅದು ನಿಂತದ್ದು. ನಮ್ಮ ಎಷ್ಟು ಇಂಜೆಕ್ಷನ್ ರೂಮುಗಳಲ್ಲಿ ಸಿಂಕಿನ ಪಕ್ಕದಲ್ಲೇ ಟ್ರೇ ಇಟ್ಟು ಸಿರಿಂಜ್‌ಗೆ ಔಷಧಿ ಎಳೆಯುತ್ತಾರೆ, ನೀವೇ ಯೋಚಿಸಿ. ನಲ್ಲಿಯ ನೀರು ನೇರ ಡ್ರೈನ್ ಬಾಯಿಗೆ ಬೀಳಬಾರದು. ಸಿಂಕಿಗೂ ಔಷಧಿ ತಯಾರಿಸುವ ಕೌಂಟರಿಗೂ ನಡುವೆ ಅಂತರ ಇರಬೇಕು, ಜಾಗ ಇಲ್ಲದಿದ್ದರೆ ಒಂದು ಅಡ್ಡ ಶೀಟಾದರೂ ಬೇಕು. ಸಿಂಕ್ ಕೆಳಗೆ ಕಪಾಟೇ ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಖಾಲಿ ಬಿಡಿ. ಪೈಪ್ ಸೋರಿದರೆ ಅವತ್ತೇ ಕಾಣುತ್ತದೆ.

"ಹಾಗಾದರೆ ಎಲ್ಲಾ ಸ್ಟೀಲೇ ಮಾಡಿಸಿಬಿಡೋಣ" ಅನ್ನುವವರಿದ್ದಾರೆ. ಆಪರೇಷನ್ ಥಿಯೇಟರಿಗೆ, ಸ್ಟೆರಿಲೈಸೇಶನ್ ರೂಮಿಗೆ ಸ್ಟೀಲೇ ಸರಿ. ಆದರೆ 304 ದರ್ಜೆಯ ಸ್ಟೀಲ್ ಅಂತ ದುಡ್ಡು ಕೊಟ್ಟು 202 ದರ್ಜೆಯದನ್ನು ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ಅಯಸ್ಕಾಂತ ಹಿಡಿದು ನೋಡಿದೆವು ಅನ್ನುತ್ತಾರೆ. 304ರ ಹಾಗೆ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ! ಅದರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಬೇಗ ತುಕ್ಕು ಹಿಡಿಯುತ್ತದೆ. ಟೆಸ್ಟಿಂಗ್ ಲಿಕ್ವಿಡ್ ಸಿಗುತ್ತದೆ, ನಿಮ್ಮ ಕಣ್ಣೆದುರೇ ಒಂದು ಹನಿ ಹಾಕಿಸಿ. 304 ಆದರೂ ಹೈಪೋ ಹಾಕಿ ಹಾಗೇ ಬಿಟ್ಟರೆ ಕ್ಲೋರಿನ್‌ಗೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ಬರೀ ನೀರಿನಲ್ಲಿ ಒರೆಸಲೇಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ 316 ವಾಸಿ, ಅದರಲ್ಲಿ ಮಾಲಿಬ್ಡಿನಮ್ ಇದೆ.

ಕೌಂಟರಿಗೆ ಮನಸ್ಸಿಗೆ ಒಪ್ಪುವ ವಸ್ತು ಅಂದರೆ ಅಕ್ರಿಲಿಕ್ ಸಾಲಿಡ್ ಸರ್ಫೇಸ್, ಕಲ್ಲಿನ ಹಾಗೆ ಕಾಣುವ ಗಟ್ಟಿ ಅಕ್ರಿಲಿಕ್ ಹಲಗೆ. ಜಾಯಿಂಟ್ ಕಾಣದ ಹಾಗೆ ಬೆಸೆಯಬಹುದು, ಗೋಡೆ ಸೇರುವ ಮೂಲೆಯನ್ನು ದುಂಡಗೆ ಮಾಡಬಹುದು, ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ಬೆಲೆ ಮಾತ್ರ ಜಾಸ್ತಿ. ಅಷ್ಟು ಆಗದಿದ್ದರೆ ನಮ್ಮ ಪಾಲಿಶ್ ಗ್ರಾನೈಟ್ ಏನೂ ಕೆಟ್ಟದ್ದಲ್ಲ. ಒಂದೇ ಚಪ್ಪಡಿ ತನ್ನಿ, ಜಾಯಿಂಟಿಗೆ ವೈಟ್ ಸಿಮೆಂಟ್ ಬದಲು ಎಪಾಕ್ಸಿ ತುಂಬಿಸಿ. ಮಾರ್ಬಲ್ ಬೇಡ, ಆ್ಯಸಿಡ್ ತಾಗಿದರೆ ಮುಗಿಯಿತು.

ಎತ್ತರದ ಕಪಾಟು ಸೀಲಿಂಗ್‌ವರೆಗೆ ಹೋಗಬೇಕು, ಇಲ್ಲ ಮೇಲ್ಭಾಗ ಇಳಿಜಾರಾಗಿರಬೇಕು. ಸಪಾಟಾಗಿದ್ದರೆ ಅಲ್ಲಿ ಧೂಳು, ಹಳೇ ಫೈಲು, ಖಾಲಿ ಡಬ್ಬ ಸೇರುತ್ತವೆ. ಕೆಳಗಡೆ ಮಾಪ್ ಸಲೀಸಾಗಿ ತೂರುವಷ್ಟು ಸ್ಟೀಲ್ ಕಾಲು ಕೊಡಿ.

ಇದೆಲ್ಲ ದೊಡ್ಡ ಆಸ್ಪತ್ರೆಗಳ ಮಾತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2015ರಲ್ಲಿ ಶುರುವಾದ, ಸ್ವಚ್ಛತೆಗೆ ಪ್ರಶಸ್ತಿ ಕೊಡುವ ಕೇಂದ್ರ ಸರ್ಕಾರದ ಕಾಯಕಲ್ಪ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಪೀಠೋಪಕರಣ ಯಾವ ಸ್ಥಿತಿಯಲ್ಲಿದೆ ಅನ್ನುವುದಕ್ಕೂ ಅಂಕ ಇದೆ. ಹತ್ತು ಹಾಸಿಗೆಯ ಆಸ್ಪತ್ರೆಯವರು ದುಡ್ಡನ್ನು ಎಲ್ಲಾ ಕಡೆ ಹರಡಬೇಕಿಲ್ಲ. ಡಾಕ್ಟರ್ ಮೇಜು, ಬಿಲ್ಲಿಂಗ್ ಕೌಂಟರ್ ಸಾಮಾನ್ಯ ಪ್ಲೈನಲ್ಲೇ ಇರಲಿ. ಇಂಜೆಕ್ಷನ್ ರೂಮ್, ಡ್ರೆಸ್ಸಿಂಗ್ ರೂಮ್, ಲೇಬರ್ ವಾರ್ಡ್, ಈ ಮೂರಕ್ಕೆ ಕೈ ಬಿಚ್ಚಿ ಖರ್ಚು ಮಾಡಿ. ಮತ್ತೆ, ಬಡಗಿಯನ್ನು ಟೈಲ್ಸ್ ಮುಗಿದ ಮೇಲೆ ಕರೆಯಬೇಡಿ. ಪ್ಲಂಬರ್ ಗೋಡೆ ಒಡೆಯುವ ಮುಂಚೆಯೇ ಬಡಗಿ, ಸಿಸ್ಟರ್, ಆಯಾ ಮೂವರನ್ನೂ ಆ ರೂಮಿನಲ್ಲಿ ನಿಲ್ಲಿಸಿ, ಸಿಂಕ್ ಎಲ್ಲಿ ಬರಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.